ಹಿಂದಿನ ಬೆಂಚಿನ ಪ್ರಶ್ನೆ ಮತ್ತು ಖಗೋಳ ಸಂಶೋಧನೆಯ ಹಣ

ಕಳೆದ ಅಭ್ಯಾಸ ಬೋಧನೆಯ ಅವಧಿಯಲ್ಲಿ ಮೈಸೂರಿನ ಪ್ರೌಢಶಾಲೆಯೊಂದರಲ್ಲಿ ಹತ್ತನೆಯ ತರಗತಿಯ ಪಾಠವನ್ನು ವೀಕ್ಷಿಸುತ್ತಿದ್ದೆ. ಪಾಠ ಗೋಳೀಯ ದರ್ಪಣಗಳದ್ದು. ಪ್ರಶಿಕ್ಷಣಾರ್ಥಿ ಚೆನ್ನಾಗಿ ಸಿದ್ಧರಾಗಿ ಬಂದಿದ್ದರು. ನಿಮ್ನ ದರ್ಪಣದ ಉಪಯೋಗಗಳನ್ನು ಹೇಳುತ್ತಾ, ರೇಡಿಯೊ ದೂರದರ್ಶಕದ ತಟ್ಟೆಯೂ ಒಂದು ಬಗೆಯ ನಿಮ್ನ ದರ್ಪಣವೇ ಎಂದು ವಿವರಿಸಿದರು. ‘ಸ್ಕ್ವೇರ್ ಕಿಲೋಮೀಟರ್ ಅರೇ’ ಎಂಬ ಅಂತರರಾಷ್ಟ್ರೀಯ ಯೋಜನೆಯಲ್ಲಿ ಭಾರತ 1,250 ಕೋಟಿ ರೂಪಾಯಿ ತೊಡಗಿಸುವ ಸುದ್ದಿಯ ಪತ್ರಿಕಾ ತುಣುಕನ್ನೂ ತೋರಿಸಿದರು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. “ಮಿಸ್, ನಮ್ ಸ್ಕೂಲಲ್ಲಿ ಒಂದು ದೂರದರ್ಶಕಾನೂ ಇಲ್ಲ. ಅವ್ರಿಗೆ ಅಷ್ಟೊಂದ್ ದುಡ್ಡು ಯಾಕೆ?” ತರಗತಿ ನಕ್ಕಿತು. “ಅದು ದೇಶದ ಹೆಮ್ಮೆ, ಕೂತ್ಕೋ” ಎಂದು ಅವರು ಪಾಠ ಮುಂದುವರಿಸಿದರು. ನಾನು ವೀಕ್ಷಣಾ ಪತ್ರದಲ್ಲಿ ‘ವಿಷಯಾಂತರವನ್ನು ಚೆನ್ನಾಗಿ ನಿಭಾಯಿಸಿದ್ದಾರೆ’ ಎಂದು ಷರಾ ಬರೆದೆ.

ಆ ಷರಾ ತಪ್ಪು. ಅದನ್ನು ಒಪ್ಪಿಕೊಳ್ಳುವುದಕ್ಕೇ ಈ ಲೇಖನ.

ಹುಡುಗ ಕೇಳಿದ್ದು ವಿಷಯಾಂತರವಾಗಿರಲಿಲ್ಲ. ದೆಹಲಿಯಲ್ಲಿ ಕುಳಿತು ಯೋಜನೆ ಮಾಡುವವರು ಕೇಳಿಕೊಳ್ಳುವುದೂ ಇದೇ ಪ್ರಶ್ನೆಯನ್ನು: ಇರುವ ಹಣದಲ್ಲಿ ಯಾವುದು ಮೊದಲು, ಯಾವುದು ಆಮೇಲೆ? 2023ರಲ್ಲಿ ಕೇಂದ್ರ ಸಂಪುಟ ಮಹಾರಾಷ್ಟ್ರದ ಹಿಂಗೋಲಿಯಲ್ಲಿ ಗುರುತ್ವ ತರಂಗಗಳನ್ನು ಪತ್ತೆಹಚ್ಚುವ ಲೈಗೋ-ಇಂಡಿಯಾ ಯೋಜನೆಗೆ 2,600 ಕೋಟಿ ರೂಪಾಯಿ ಒಪ್ಪಿತು. ಪತ್ರಿಕಾ ತುಣುಕಿನಲ್ಲಿದ್ದ 1,250 ಕೋಟಿಯ ಸುದ್ದಿ ಹೊರಬಿದ್ದದ್ದು 2024ರ ಜನವರಿಯಲ್ಲಿ. ಇವುಗಳ ಹಿಂದೆ ಇನ್ನೂ ದೊಡ್ಡ ಸರದಿ ಇದೆ. ಲಡಾಖಿನ ಪ್ಯಾಂಗಾಂಗ್ ಸರೋವರದ ದಡದ ಮೆರಾಕ್‌ನಲ್ಲಿ 2 ಮೀಟರ್ ವ್ಯಾಸದ ಸೌರ ದೂರದರ್ಶಕ, ಹಾನ್ಲೆಯಲ್ಲಿ 10 ಮೀಟರಿಗೂ ಮೀರಿದ ಕನ್ನಡಿಯ ದೂರದರ್ಶಕ, ಹೊಸ ಬಾಹ್ಯಾಕಾಶ ದೂರದರ್ಶಕಗಳು. ಇವನ್ನೆಲ್ಲ ಒಟ್ಟಿಗಿಟ್ಟು ನೋಡಲೆಂದೇ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ ‘ಮೆಗಾ ಸೈನ್ಸ್ ವಿಷನ್ 2035’ ಎಂಬ ಮುನ್ನೋಟವನ್ನು ತಯಾರಿಸಿಸಿತು. ಅದರ ಖಗೋಳ ವಿಭಾಗದ ಹೊಣೆ ಹೊತ್ತದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ.

ಆಯ್ಕೆ ಎಷ್ಟು ಕಷ್ಟ ಎಂಬುದಕ್ಕೆ ನಮ್ಮ ಪಕ್ಕದಲ್ಲೇ ಉದಾಹರಣೆ ಇದೆ. 2014ರಲ್ಲಿ ಭಾರತ ‘ಮೂವತ್ತು ಮೀಟರ್ ದೂರದರ್ಶಕ’ ಯೋಜನೆಯಲ್ಲಿ ಸುಮಾರು 1,300 ಕೋಟಿ ರೂಪಾಯಿಯ ಪಾಲುದಾರನಾಯಿತು. ಅದರ ಕನ್ನಡಿಯ ತುಂಡುಗಳಿಗೆ ನಯ ಕೊಡುವ ಘಟಕ ಹೊಸಕೋಟೆಯಲ್ಲಿ ಸಿದ್ಧವಾಯಿತು. ಆದರೆ ದೂರದರ್ಶಕ ನಿಲ್ಲಬೇಕಿದ್ದ ಹವಾಯಿಯ ಮೌನಾ ಕಿಯಾ ಶಿಖರ ಅಲ್ಲಿನ ಮೂಲನಿವಾಸಿಗಳಿಗೆ ಪವಿತ್ರವಾದದ್ದು. ಅವರ ವಿರೋಧದಿಂದ ಕಟ್ಟುವ ಕೆಲಸ ನಿಂತಿತು. ಹಣ, ಜಾಗ, ಜನ ಮೂರೂ ಕೂಡಿಬರದಿದ್ದರೆ ಒಳ್ಳೆಯ ಆಯ್ಕೆಯೂ ಸಿಕ್ಕಿಬೀಳುತ್ತದೆ.

ಅಮೆರಿಕದ ಖಗೋಳ ವಿಜ್ಞಾನಿಗಳು 1960ರ ದಶಕದಿಂದಲೂ ಸುಮಾರು ಹತ್ತು ವರ್ಷಕ್ಕೊಮ್ಮೆ ಒಂದೆಡೆ ಸೇರಿ, ಮುಂದಿನ ದಶಕದ ಆದ್ಯತೆಗಳ ಪಟ್ಟಿ ಮಾಡಿ ಪ್ರಕಟಿಸುತ್ತಾರೆ. ಇಂದು ಜೇಮ್ಸ್ ವೆಬ್ ಎಂದು ಹೆಸರಾದ ದೂರದರ್ಶಕ 2001ರ ಪಟ್ಟಿಯಲ್ಲಿ ಮುಂಚೂಣಿಯಲ್ಲಿತ್ತು. ಅದು ಆಕಾಶಕ್ಕೆ ಏರಿದ್ದು 2021ರ ಡಿಸೆಂಬರ್ 25ರಂದು. ಪಟ್ಟಿ ಬಂದಾಗ ಹತ್ತನೆಯ ತರಗತಿಯಲ್ಲಿದ್ದ ಹುಡುಗಿಗೆ ಆ ಹೊತ್ತಿಗೆ 35 ದಾಟಿತ್ತು. ಎಂದರೆ, ಇಂದು ಮಂಜೂರಾಗುವ ದೂರದರ್ಶಕವನ್ನು ನಾಳೆ ಬಳಸುವವರು ಈಗ ನಮ್ಮ ಅಭ್ಯಾಸ ಶಾಲೆಗಳ ಬೆಂಚಿನ ಮೇಲೆ ಕೂತಿದ್ದಾರೆ. ಆದ್ಯತೆಗಳ ಚರ್ಚೆಯಲ್ಲಿ ಶಿಕ್ಷಕರಿಗೆ ಮಾತಾಡುವ ಹಕ್ಕು ಬರುವುದು ಇಲ್ಲಿಂದಲೇ.

ನನ್ನ ಅಭಿಪ್ರಾಯ ಇಷ್ಟು. ದೊಡ್ಡ ಉಪಕರಣಗಳು ಬೇಕು. ಸೂರ್ಯನ ಕರೋನಾವನ್ನು ನೋಡಲು 2023ರಲ್ಲಿ ಆದಿತ್ಯ-ಎಲ್1 ನೌಕೆಯಲ್ಲಿ ಹೋದ ಮುಖ್ಯ ಉಪಕರಣ ಸಿದ್ಧವಾದದ್ದು ಅದೇ ಹೊಸಕೋಟೆಯಲ್ಲಿ. ಅಂಥ ಕೈಚಳಕ ಒಂದೇ ದಿನದಲ್ಲಿ ಬರುವುದಿಲ್ಲ, ಹಣ ನಿಂತರೆ ಅದೂ ನಿಲ್ಲುತ್ತದೆ. ಆದರೆ ಪ್ರತಿಯೊಂದು ದೊಡ್ಡ ಯೋಜನೆಯ ಅಂದಾಜಿನಲ್ಲಿ ಕಟ್ಟಡ, ಕನ್ನಡಿ, ಗಣಕಯಂತ್ರಗಳ ಸಾಲಿನ ಕೆಳಗೆ ‘ಶಿಕ್ಷಕರು’ ಎಂಬ ಸಾಲೊಂದು ಇರಬೇಕು. ಶೇಕಡಾ 1 ಸಾಕು. ಮೇಲೆ ಹೇಳಿದ 2,600 ಮತ್ತು 1,250 ಕೋಟಿಗಳಲ್ಲಿ ಅದು 38.5 ಕೋಟಿ ರೂಪಾಯಿ ಆಗುತ್ತದೆ.

ಶಾಲೆಯ ಖರ್ಚು ಶಿಕ್ಷಣ ಇಲಾಖೆಯದು, ಸಂಶೋಧನೆಯ ಹಣವನ್ನು ಅದಕ್ಕೇಕೆ ಮುಟ್ಟಬೇಕು ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ನಾನು ಕೇಳುತ್ತಿರುವುದು ಶಾಲೆಗೆ ಬೆಂಚು, ಕಪ್ಪುಹಲಗೆಗಳನ್ನಲ್ಲ. ಶಾಲೆಗೊಂದು ದೂರದರ್ಶಕವನ್ನೂ ಅಲ್ಲ. ಬೀಗ ಹಾಕಿದ ಬೀರುವಿನಲ್ಲಿ ಪೆಟ್ಟಿಗೆಯೂ ಬಿಚ್ಚದೆ ಕೂತ ದೂರದರ್ಶಕಗಳನ್ನು ನಾನು ನೋಡಿದ್ದೇನೆ. ಇಲಾಖೆ ಕೊಡಲಾಗದ್ದನ್ನು ಕೇಳುತ್ತಿದ್ದೇನೆ: ಸಂಶೋಧಕರ ಜೊತೆ ಕಳೆಯುವ ಒಂದು ವಾರ. ಹಾನ್ಲೆಯ ಚಂದ್ರ ದೂರದರ್ಶಕವನ್ನು ಹೊಸಕೋಟೆಯಿಂದಲೇ ನಡೆಸುತ್ತಾರೆ. ಗೌರಿಬಿದನೂರಿನಲ್ಲಿ ಸೂರ್ಯನ ರೇಡಿಯೊ ಅಲೆಗಳನ್ನು ಹಿಡಿಯುತ್ತಾರೆ. ಅಲ್ಲಿ ಒಂದು ರಾತ್ರಿ ಕೂತು, ಮೋಡ ಬಂದು ವೀಕ್ಷಣೆ ಕೆಟ್ಟದ್ದನ್ನೂ ಕಂಡು, ಒಂದಿಷ್ಟು ದತ್ತಾಂಶವನ್ನು ಕನ್ನಡದ ವಿವರಣೆಯೊಂದಿಗೆ ತಂದ ಶಿಕ್ಷಕಿ “ದೇಶದ ಹೆಮ್ಮೆ, ಕೂತ್ಕೋ” ಎನ್ನುವುದಿಲ್ಲ. ಆಕೆಗೆ ಹೇಳಲು ಬೇರೆ ಏನಾದರೂ ಇರುತ್ತದೆ.

ತಾರಾಲಯಗಳಿವೆಯಲ್ಲ ಎನ್ನಬಹುದು. ನಮ್ಮ ಊರಿಗೂ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ತಾರಾಲಯವುಳ್ಳ ‘ಕಾಸ್ಮಾಸ್’ ಕೇಂದ್ರಕ್ಕೆ 2022ರಲ್ಲಿ ಶಂಕುಸ್ಥಾಪನೆಯಾಯಿತು. ಸಂತೋಷ. ಆದರೆ ಮಗು ತಾರಾಲಯಕ್ಕೆ ಹೋಗುವುದು ವರ್ಷಕ್ಕೊಂದು ಸಲ, ಅದೂ ಪ್ರವಾಸದ ಬಸ್ಸು ಹೊರಟರೆ. ಶಿಕ್ಷಕಿ ಮಾತ್ರ ಶಾಲೆಯಲ್ಲೇ ಇರುತ್ತಾಳೆ. ವರ್ಷಕ್ಕೆ 60 ಮಕ್ಕಳಂತೆ 30 ವರ್ಷಕ್ಕೆ 1,800 ಮಕ್ಕಳು. ಆ ಕೇಂದ್ರದ ಹೆಸರಿನಲ್ಲಿ ತರಬೇತಿ ಎಂಬ ಪದವೂ ಇದೆ. ಅದರ ಬಾಗಿಲಿಗೆ ಪ್ರವಾಸಿಗಳಿಗಿಂತ ಮೊದಲು ಮೈಸೂರಿನ ಬಿ.ಎಡ್. ಪ್ರಶಿಕ್ಷಣಾರ್ಥಿಗಳು ಹೋಗಬೇಕು ಎಂದು ನಾವೇ ಕೇಳಬೇಕು.

ಅಲ್ಲಿಯವರೆಗೆ ಕಾಯಬೇಕಿಲ್ಲ. ಮೈಸೂರಿನಲ್ಲಿ ವರ್ಷಕ್ಕೆರಡು ದಿನ, ಏಪ್ರಿಲ್ 22ರ ಮತ್ತು ಆಗಸ್ಟ್ 20ರ ಆಸುಪಾಸಿನಲ್ಲಿ, ನಡುಮಧ್ಯಾಹ್ನ ನೆಟ್ಟ ಕೋಲಿಗೆ ನೆರಳೇ ಬೀಳುವುದಿಲ್ಲ. ಏಪ್ರಿಲ್‌ನಲ್ಲಿ ರಜೆ, ಆಗಸ್ಟ್‌ನಲ್ಲಿ ಮೋಡ. ಆದರೂ ಆಗಸ್ಟ್‌ನ ಆ ವಾರವೆಲ್ಲ ಕೋಲು ನೆಟ್ಟು ಕಾದರೆ ಒಂದು ದಿನವಾದರೂ ಬಿಸಿಲು ಸಿಕ್ಕೀತು. ಇದಕ್ಕೆ ಒಂದು ರೂಪಾಯಿಯೂ ಬೇಡ.

ಇನ್ನೊಂದು, ಆ ಹುಡುಗನ ಪ್ರಶ್ನೆಯನ್ನೇ ಪಾಠ ಮಾಡುವುದು. ಪ್ರತಿ ಗುಂಪಿಗೆ ನೂರು ರೂಪಾಯಿಯ ಲೆಕ್ಕದಲ್ಲಿ ಕಾಗದದ ನೋಟುಗಳನ್ನು ಕೊಡಿ. ಸೌರ ದೂರದರ್ಶಕ, ದೊಡ್ಡ ಕನ್ನಡಿಯ ದೂರದರ್ಶಕ, ವಿದೇಶಗಳೊಂದಿಗಿನ ಪಾಲುದಾರಿಕೆ, ಶಿಕ್ಷಕರ ತರಬೇತಿ, ಮತ್ತು ‘ಇದಾವುದೂ ಬೇಡ, ಬೇರೆಡೆ ಖರ್ಚು ಮಾಡಿ’ ಎಂಬ ಐದು ಚೀಟಿಗಳನ್ನು ಇಡಿ. ಹಂಚಲಿ, ಕಾರಣ ಹೇಳಲಿ, ಜಗಳವಾಡಲಿ. ಐದನೆಯ ಚೀಟಿಗೆ ಎಲ್ಲ ಹಣ ಹಾಕಿದ ಗುಂಪನ್ನು ತಿದ್ದಲು ಹೋಗಬೇಡಿ, ಕಾರಣ ಕೇಳಿ.

ಪ್ರಶಿಕ್ಷಣಾರ್ಥಿ ಮಿತ್ರರೇ, ಮುಂದಿನ ಅಭ್ಯಾಸ ಬೋಧನೆಯಲ್ಲಿ ಯಾರಾದರೂ ಇದನ್ನು ಪಾಠ ಯೋಜನೆಯಲ್ಲಿ ಸೇರಿಸಿದರೆ, ಮಕ್ಕಳು ಹಣ ಹಂಚಿದ ಬಗೆಯನ್ನೂ ಕೊಟ್ಟ ಕಾರಣಗಳನ್ನೂ ಬರೆದು ನನಗೆ ಕೊಡಿ. ಈ ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ ಹಾಕೋಣ. ನಾನು ತಪ್ಪು ಷರಾ ಬರೆದ ಪ್ರಶಿಕ್ಷಣಾರ್ಥಿಯನ್ನು ಕರೆದು ಇದನ್ನೆಲ್ಲ ಹೇಳಿದ್ದೇನೆ. ಅವರು ಅದೇ ತರಗತಿಗೆ ಮತ್ತೆ ಹೋಗಲು ಒಪ್ಪಿದ್ದಾರೆ.