ಲೋಕದ ಕಿಟಕಿ: ತೂಕಡಿಸುವ ಟೋಕಿಯೋ

ಜಪಾನೀ ಭಾಷೆಯಲ್ಲಿ ‘ಇನೆಮುರಿ’ ಎಂದೊಂದು ಮಾತುಂಟು. ಇದ್ದಲ್ಲೇ ಇದ್ದು ನಿದ್ರಿಸುವುದು ಎಂದು ಅದರ ಅರ್ಥ. ಸಭೆಯಲ್ಲೋ ರೈಲಿನಲ್ಲೋ ಕುಳಿತಂತೆಯೇ ಕಣ್ಣು ಮುಚ್ಚಿದವನನ್ನು ಅಲ್ಲಿ ಸಾಮಾನ್ಯವಾಗಿ ಸೋಮಾರಿಯೆಂದು ಜರೆಯುವುದಿಲ್ಲ; ಪಾಪ, ಬಹಳ ದುಡಿದಿದ್ದಾನೆ ಎಂದು ಸುಮ್ಮನಾಗುತ್ತಾರೆ. ನಮ್ಮ ಕಚೇರಿಗಳಲ್ಲಿ ತೂಕಡಿಸುವ ಗುಮಾಸ್ತನಿಗೆ ಈ ಮರ್ಯಾದೆ ಎಲ್ಲಿಂದ ಬರಬೇಕು!

ಟೋಕಿಯೋದ ಯಾಮನೋತೆ ರೈಲುಮಾರ್ಗ ನಗರದೊಳಗೆ ಬಳೆಯಂತೆ ಸುತ್ತುತ್ತದೆ. ಉದ್ದ 34.5 ಕಿಲೋಮೀಟರು, ನಿಲ್ದಾಣ 30, ಒಂದು ಸುತ್ತಿಗೆ ಸುಮಾರು ಒಂದು ಗಂಟೆ. ನಿದ್ದೆಯಲ್ಲಿ ತನ್ನ ನಿಲ್ದಾಣ ಕಳೆದುಕೊಂಡವನನ್ನು ಗಾಡಿ ಮತ್ತೊಂದು ಸುತ್ತು ಹಾಕಿ ಅಲ್ಲಿಗೇ ತಂದುಬಿಡುವುದೂ ಉಂಟು. ಆ ಮಾರ್ಗದಲ್ಲಿರುವ ಶಿಂಜುಕು ನಿಲ್ದಾಣದಲ್ಲಿ 2018ರ ಸುಮಾರಿನಲ್ಲಿ ದಿನಕ್ಕೆ 35 ಲಕ್ಷದಷ್ಟು ಜನ ಓಡಾಡುತ್ತಿದ್ದರು. ಇಷ್ಟು ಜನಸಂದಣಿಯಿದ್ದೂ ಡಬ್ಬಿಯೊಳಗೆ ಮೌನ. ಫೋನಿನಲ್ಲಿ ಮಾತನಾಡಬೇಡಿರೆಂದು ಪ್ರಕಟಣೆ ಬೇರೆ. ಮುಂಬಯಿಯ ಲೋಕಲ್ ಗಾಡಿಯಲ್ಲಿ ಭಜನೆ, ಇಸ್ಪೀಟು, ಜಗಳ ಎಲ್ಲವನ್ನೂ ಕಂಡ ನಮ್ಮ ವಾಚಕರಿಗೆ ಇದು ಸೋಜಿಗವೆನಿಸೀತು.

ಕೊನೆಯ ಗಾಡಿ ಹೊರಡುವುದು ನಡುರಾತ್ರಿಯ ಆಸುಪಾಸಿಗೆ. ಅದು ತಪ್ಪಿದರೆ ಬೆಳಗಿನ ಐದರ ಸುಮಾರಿಗೆ ಮೊದಲ ಗಾಡಿ. ಟ್ಯಾಕ್ಸಿಯೋ ಬಲು ದುಬಾರಿ. ಇಂಥವರಿಗಾಗಿಯೇ 1979ರಲ್ಲಿ ಒಸಾಕಾದಲ್ಲಿ ಗೂಡಿನಂಥ ಕೋಣೆಗಳ ‘ಕ್ಯಾಪ್ಸೂಲ್ ಹೋಟೆಲು’ ಹುಟ್ಟಿತು. ಒಬ್ಬನು ಮೈಚಾಚುವಷ್ಟೇ ಜಾಗ. ಅದೂ ಬೇಡವೆಂದವರು ಚೀಲವನ್ನೇ ತಲೆದಿಂಬು ಮಾಡಿ ನಿಲ್ದಾಣದ ಬಳಿ ಮಲಗುವುದುಂಟು. ಹಾಗೆ ನಿರ್ಭಯವಾಗಿ ಮಲಗಬಲ್ಲ ಊರನ್ನು ಕಂಡು ಹೊಟ್ಟೆಕಿಚ್ಚು ಪಡಬಹುದು. ಮಲಗಿಸಿದ ಆಯಾಸವನ್ನು ಕಂಡಲ್ಲ.

ಆ ಆಯಾಸಕ್ಕೂ ಒಂದು ಹೆಸರಿದೆ. ಅತಿದುಡಿಮೆಯಿಂದ ಬರುವ ಸಾವಿಗೆ ‘ಕರೋಶಿ’ ಎನ್ನುತ್ತಾರೆ. 1988ರಲ್ಲಿ ಅಲ್ಲಿಯ ವಕೀಲರು ಇದಕ್ಕೆಂದೇ ದೂರವಾಣಿಯೊಂದನ್ನು ತೆರೆದಾಗ ಕರೆ ಮಾಡಿದವರಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸರು ಬಹುಮಂದಿ. ಇಂಥ ಮನೆಯವರೇ ಕೂಡಿ, ಸಹಿ ಸಂಗ್ರಹಿಸಿ, ಬೆನ್ನುಹತ್ತಿದ ಮೇಲೆ 2014ರಲ್ಲಿ ಕರೋಶಿ ತಡೆಯುವ ಕಾನೂನು ಬಂದಿತು. ಕಣ್ಣೀರಿಟ್ಟು ಕೂರದೆ ಪಾರ್ಲಿಮೆಂಟಿನ ಬಾಗಿಲು ಬಡಿದ ಆ ತಾಯಂದಿರ ಸಾಹಸವನ್ನು ಎಷ್ಟು ಹೊಗಳಿದರೂ ಕಡಿಮೆ.

ಒಂಟಿತನದ ಮಾತು ಇನ್ನೊಂದು. ಕಂಪನಿಯು ದೂರದೂರಿಗೆ ವರ್ಗ ಮಾಡಿದರೆ ಮಕ್ಕಳ ಶಾಲೆಗಾಗಿ ಸಂಸಾರವನ್ನು ಹಿಂದೆ ಬಿಟ್ಟು ತಾನೊಬ್ಬನೇ ಹೋಗಿ ಬದುಕುವುದು ಅಲ್ಲಿ ವಾಡಿಕೆಯೇ ಆಗಿದೆ. ಅದಕ್ಕೂ ‘ತಾನ್‌ಶಿನ್ ಫುನಿನ್’ ಎಂಬ ಹೆಸರಿದೆ. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದು ಖೋಲಿಯಲ್ಲಿ ವರ್ಷಗಟ್ಟಲೆ ಕಳೆದ ಹಿರಿಯರಿರುವ ನಮ್ಮ ಮನೆಗಳಿಗೆ ಇದು ಅರ್ಥವಾಗದ ಸಂಗತಿಯಲ್ಲ. 2020ರ ಜನಗಣತಿಯಂತೆ ಜಪಾನಿನ ಪ್ರತಿ 100 ಮನೆಗಳಲ್ಲಿ 38 ಒಬ್ಬರೇ ಇರುವ ಮನೆಗಳು. ಮರುವರ್ಷವೇ ಸರಕಾರವು ಒಂಟಿತನಕ್ಕೆಂದು ಮಂತ್ರಿಯೊಬ್ಬರನ್ನು ನೇಮಿಸಿತು.

ಹೆಚ್ಚುವರಿ ದುಡಿಮೆಗೂ 2019ರಿಂದ ಮಿತಿಯಿದೆ: ತಿಂಗಳಿಗೆ 45 ಗಂಟೆ. ಆದರೆ ಕೆಲಸ ಮೇಲೆಬಿದ್ದ ತಿಂಗಳಲ್ಲಿ 100 ಗಂಟೆಯ ಹತ್ತಿರದವರೆಗೂ ಏರಿಸಬಹುದೆಂಬ ಸಡಿಲಿಕೆಯನ್ನೂ ಸೇರಿಸಿದ್ದಾರೆ. ಕರೋಶಿಗೆ ಗುರಿಯಾದವರ ಮನೆಯವರು ಇದನ್ನು ವಿರೋಧಿಸಿದರು. ಲೆಕ್ಕ ಹಾಕಿ ನೋಡೋಣ. ತಿಂಗಳಿಗೆ 22 ದಿನ ಕೆಲಸವೆಂದರೆ ದಿನಕ್ಕೆ ನಾಲ್ಕೂವರೆ ಗಂಟೆ ಹೆಚ್ಚು. ಸಂಜೆ ಆರಕ್ಕೆ ಏಳಬೇಕಾದವನು ಹತ್ತೂವರೆಗೆ ಏಳುತ್ತಾನೆ. ಮೇಲೆ ರೈಲಿನ ಹಾದಿ. ಅವನು ಬಾಗಿಲು ತೆಗೆಯುವ ಹೊತ್ತಿಗೆ ಮಕ್ಕಳು ಮಲಗಿರುತ್ತಾರೆ.