ಪದವಿಯ ಹೊಸ್ತಿಲಿಂದ ಹಿಂದಿರುಗುವವರು

ಪಿಯುಸಿ ಮುಗಿಸಿದ ಹುಡುಗರು ಪದವಿ ತರಗತಿಗೆ ಸೇರದೆ ಬೆಂಗಳೂರಿನ ಗೋದಾಮುಗಳಿಗೂ ಗಾರೆಕೆಲಸಕ್ಕೂ ಮನೆಮನೆಗೆ ಊಟ ತಲುಪಿಸುವ ದುಡಿಮೆಗೂ ತೆರಳುತ್ತಿರುವುದನ್ನು ಕಂಡು, ಈ ಪೀಳಿಗೆಗೆ ವಿದ್ಯೆಯಲ್ಲಿ ಶ್ರದ್ಧೆಯಿಲ್ಲ, ಬೇಗನೆ ಕೈಸೇರುವ ಹಣವೊಂದೇ ಇವರಿಗೆ ಪುರುಷಾರ್ಥ ಎಂದು ಸಭೆಗಳಲ್ಲಿ ದೊಡ್ಡವರು ನುಡಿಯುವ ಮಾತು ಘೋರವಾದ ಅನ್ಯಾಯವೆಂದೇ ನನ್ನ ಅಭಿಮತ. ತಮ್ಮ ತಾಲ್ಲೂಕಿನಲ್ಲಿ ಉನ್ನತ ಶಿಕ್ಷಣವೆಂಬ ಹೆಸರಿನಿಂದ ದೊರೆಯುವುದೇನೆಂಬುದನ್ನು ಆ ಮಕ್ಕಳು ನಮಗಿಂತ ಚೆನ್ನಾಗಿ ಬಲ್ಲರು.

ನಾಡಿನಲ್ಲಿ 400ಕ್ಕೂ ಮಿಕ್ಕ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಅವುಗಳ ಬೋಧನೆಯ ಭಾರವನ್ನು ಬಹುಮಟ್ಟಿಗೆ ಹೊತ್ತವರು 10,000ಕ್ಕೂ ಹೆಚ್ಚಿನ ಅತಿಥಿ ಉಪನ್ಯಾಸಕರು. ವರ್ಷಾನುವರ್ಷ ಅದೇ ಕೊಠಡಿಯಲ್ಲಿ ಪಾಠ ಹೇಳಿಯೂ ಬರುವ ವರ್ಷ ತಮಗೆ ಕೆಲಸವುಂಟೋ ಇಲ್ಲವೋ ಎಂಬುದನ್ನರಿಯದೆ ದಿನ ನೂಕುವವರು. 2023ರ ನವೆಂಬರಿನಲ್ಲಿ ಇವರು ಸೇವಾಭದ್ರತೆಯನ್ನು ಬೇಡಿ ಮುಷ್ಕರ ಹೂಡಿದಾಗ ಎಷ್ಟೋ ಕಾಲೇಜುಗಳಲ್ಲಿ ವಾರಗಟ್ಟಲೆ ಪಾಠವೇ ನಡೆಯಲಿಲ್ಲ. ಗುರುವಿನ ಅನ್ನಕ್ಕೇ ನಿಶ್ಚಯವಿಲ್ಲದ ಕಡೆ ಶಿಷ್ಯನಿಗೆ ಯಾವ ಭರವಸೆ ಹುಟ್ಟೀತು?

ಪದವಿ ಪಡೆದೂ ಉದ್ಯೋಗ ದೊರೆಯದವರಿಗೆ ಎರಡು ವರ್ಷದವರೆಗೆ ತಿಂಗಳಿಗೆ 3,000 ರೂಪಾಯಿಗಳನ್ನೀಯುವ ಯುವನಿಧಿಯನ್ನು ನಾನು ಆಕ್ಷೇಪಿಸುವವನಲ್ಲ. ಆ ನೆರವು ಬೇಕು. ಆದರೆ ಬಿ.ಎ. ಮುಗಿಸಿದ ಅಣ್ಣನು ಆ ಹಣಕ್ಕಾಗಿ ಅರ್ಜಿ ಬರೆಯುತ್ತ ಕುಳಿತಿರುವುದನ್ನು ನಿತ್ಯವೂ ಕಾಣುವ ತಮ್ಮನು ತಾನೂ ಮೂರು ವರ್ಷಗಳ ಗಳಿಕೆಯನ್ನು ತೊರೆದು ಅದೇ ಹಾದಿಯನ್ನು ಹಿಡಿಯದಿದ್ದರೆ ಅದು ಆಲಸ್ಯವಲ್ಲ, ವಿವೇಕ. ಯಾದಗಿರಿ, ರಾಯಚೂರುಗಳ ಕಡೆ ಮಳೆ ಕೈಕೊಟ್ಟ ವರ್ಷ ಮನೆಮಂದಿಯೆಲ್ಲ ಗುಳೆ ಹೋಗುವಾಗ ದುಡಿಯಬಲ್ಲ ಮಗನೊಬ್ಬನನ್ನೇ ಓದಿಗೆಂದು ಊರಿನಲ್ಲಿ ಬಿಟ್ಟುಹೋಗುವ ಸ್ಥಿತಿ ಎಷ್ಟು ಕುಟುಂಬಗಳಿಗಿದೆ? ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ 371ಜೆ ವಿಧಿಯು ಆ ಭಾಗದವರಿಗೆ ಸೀಟುಗಳನ್ನೂ ಹುದ್ದೆಗಳನ್ನೂ ಕಾದಿರಿಸಿದೆ, ನಿಜ. ಪದವಿಯವರೆಗೆ ತಲುಪಲಾರದವನಿಗೆ ಪದವೀಧರರ ಹುದ್ದೆಯಲ್ಲಿ ಪಾಲಿದ್ದೇನು ಫಲ? ಹೆಣ್ಣುಮಕ್ಕಳಿಗೆ ಬಸ್ಸಿನ ಪ್ರಯಾಣ ಉಚಿತವಾಗಿದೆ. ಆದರೆ ಸಂಜೆಯ ಬಸ್ಸೇ ಇಲ್ಲದ ಹಳ್ಳಿಯ ತಾಯಿ, ಹಾಸ್ಟೆಲಿನಲ್ಲಿ ಜಾಗವೂ ದೊರೆಯದಿದ್ದರೆ, ಮಗಳನ್ನು ಕಳುಹಿಸುವ ಬಗೆಯೆಂತು?

ಇಷ್ಟರ ನಡುವೆ 2025ರಲ್ಲಿ ಸಂಪುಟ ಉಪಸಮಿತಿಯೊಂದು, ಹಣದ ಕೊರತೆಯ ಕಾರಣವನ್ನು ಮುಂದಿಟ್ಟು, ಹಾವೇರಿ, ಕೊಪ್ಪಳ, ಕೊಡಗು ಮೊದಲಾದ ಹೊಸ ವಿಶ್ವವಿದ್ಯಾನಿಲಯಗಳನ್ನು ಮುಚ್ಚುವ ಮಾತನ್ನಾಡಿತು. ಸಾಕಷ್ಟು ಅಧ್ಯಾಪಕರನ್ನೂ ಅನುದಾನವನ್ನೂ ಕೊಡದೆ ಅವನ್ನು ಸ್ಥಾಪಿಸಿದವರದು ತಪ್ಪು. ಆ ತಪ್ಪನ್ನು ತಿದ್ದುವ ಬದಲು ಬಾಗಿಲು ಹಾಕಹೊರಡುವುದು ಇನ್ನೂ ದೊಡ್ಡ ತಪ್ಪು. ಖಾಲಿ ಬಿದ್ದಿರುವ ಉಪನ್ಯಾಸಕ ಹುದ್ದೆಗಳನ್ನು ಮುಂದಿನ ಪ್ರವೇಶಕಾಲಕ್ಕೆ ಮೊದಲು ತುಂಬಲಿ, ತಾಲ್ಲೂಕಿನ ಕಾಲೇಜಿಗೊಂದು ಹಾಸ್ಟೆಲನ್ನು ಕಟ್ಟಿಸಲಿ. ಅಲ್ಲಿಯವರೆಗೆ ಈ ಮಕ್ಕಳಿಗೆ ಉಪದೇಶ ಮಾಡುವ ಅಧಿಕಾರ ನಮ್ಮಲ್ಲಿ ಯಾರಿಗೂ ಇಲ್ಲ.