ಮಾಳಿಗೆಯ ಮೇಲೆ ಬಿದ್ದ ನೀರು

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ನೀರಿನ ಬವಣೆಯ ಕುರಿತು ಮಾತೆತ್ತಿದಾಗಲೆಲ್ಲ ಚರ್ಚೆಯು ಭದ್ರಾ ಮೇಲ್ದಂಡೆ ಯೋಜನೆಗೆ ಬಂದು ನಿಲ್ಲುತ್ತದೆ. 2023ರ ಕೇಂದ್ರ ಬಜೆಟ್ಟಿನಲ್ಲಿ ಅದಕ್ಕೆ 5,300 ಕೋಟಿ ರೂಪಾಯಿಗಳ ನೆರವು ಘೋಷಣೆಯಾಯಿತು. ಆ ಬಗ್ಗೆ ಸರಕಾರಗಳನ್ನು ಪ್ರಶ್ನಿಸುತ್ತಲೇ ಇರಬೇಕು. ಆದರೆ ನಮ್ಮದೇ ಮಾಳಿಗೆಯ ಮೇಲೆ ಬಿದ್ದು ಚರಂಡಿ ಸೇರುವ ನೀರಿಗೆ ಯಾರನ್ನು ಹೊಣೆ ಮಾಡೋಣ?

ಚಳ್ಳಕೆರೆಯ ವಾರ್ಷಿಕ ಮಳೆ ಸುಮಾರು 450 ಮಿಲಿಮೀಟರ್. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಕಾಣುವ ತಾಲೂಕುಗಳಲ್ಲಿ ಇದೂ ಒಂದು. ಅಷ್ಟಾದರೂ ಸಾವಿರ ಚದರಡಿಯ ತಾರಸಿಯ ಮೇಲೆ ವರ್ಷಕ್ಕೆ ನಲ್ವತ್ತು ಸಾವಿರ ಲೀಟರ್ ನೀರು ಬೀಳುತ್ತದೆ. ಐದು ಮಂದಿಯ ಕುಟುಂಬಕ್ಕೆ ಕುಡಿಯಲು ಮತ್ತು ಅಡುಗೆಗೆ ದಿನಕ್ಕೆ 50 ಲೀಟರ್ ಎಂದಿಟ್ಟುಕೊಳ್ಳಿ. ಅಕ್ಟೋಬರ್ ಕೊನೆಗೆ ತುಂಬಿದ 10,000 ಲೀಟರಿನ ತೊಟ್ಟಿ ಮೇ ತಿಂಗಳ ನಡುವಿನ ತನಕ ಬರುತ್ತದೆ. ಇದಕ್ಕೆ ಬೇಕಾದುದು ಇಳಿಜಾರು ಸರಿಯಿರುವ ತಾರಸಿ, ಒಂದು ಕೊಳವೆ, ಮೊದಲ ಮಳೆಯ ಕೊಳೆಯನ್ನು ಹೊರಬಿಡುವ ಏರ್ಪಾಡು, ಒಂದು ಸೋಸುಕ, ಬೆಳಕು ಹೋಗದಂತೆ ಮುಚ್ಚಿದ ತೊಟ್ಟಿ. ಕುಡಿಯುವ ಮುನ್ನ ಕುದಿಸಿದರಾಯಿತು.

ಈ ಭಾಗದ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಅದು ಮಕ್ಕಳ ಹಲ್ಲನ್ನು ಕೆಡಿಸುತ್ತದೆ, ವರ್ಷಗಳು ಕಳೆದಂತೆ ಮೂಳೆಯನ್ನೂ ಬಾಗಿಸುತ್ತದೆ. ಕುದಿಸಿದರೆ ಅದು ಹೋಗುವುದಿಲ್ಲ. ಮಳೆನೀರಿನಲ್ಲಾದರೋ ಅದರ ಭಯವಿಲ್ಲ.

ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿಜ್ಞಾನಿಯಾಗಿದ್ದ ಎ.ಆರ್. ಶಿವಕುಮಾರ್ 1995ರಲ್ಲಿ ಬೆಂಗಳೂರಿನಲ್ಲಿ ಕಟ್ಟಿಸಿದ ಮನೆಗೆ ಜಲಮಂಡಳಿಯ ಸಂಪರ್ಕವನ್ನೇ ಪಡೆಯಲಿಲ್ಲ. ಮಳೆನೀರನ್ನು ನೆಚ್ಚಿಯೇ ಸಂಸಾರ ನಡೆಸಿದರು. ಬೆಂಗಳೂರಿನ ಮಳೆ ಚಳ್ಳಕೆರೆಗಿಂತ ಬಹಳ ಹೆಚ್ಚೆಂಬುದು ನಿಜ. ಹಾಗಾಗಿ ನಾವಿಲ್ಲಿ ಸ್ನಾನ, ಬಟ್ಟೆಯ ಮಾತಾಡುತ್ತಿಲ್ಲ, ಕುಡಿಯುವ ನೀರಿನದಷ್ಟೇ.

ನಮ್ಮ ಪಟ್ಟಣಗಳಲ್ಲಿ ಮಸೀದಿಗಿಂತ ವಿಶಾಲವಾದ ಛಾವಣಿ ಎಷ್ಟು ಕಟ್ಟಡಗಳಿಗಿದೆ? ಮಿನಾರದ ಎತ್ತರ, ಅಮೃತಶಿಲೆಯ ಹೊಳಪಿನ ಬಗ್ಗೆ ತಾಸುಗಟ್ಟಲೆ ಚರ್ಚಿಸುವ ಆಡಳಿತ ಸಮಿತಿಗಳು ನೀರು ಇಳಿಯುವ ಕೊಳವೆಯನ್ನು ಮೇಸ್ತ್ರಿಯ ವಿವೇಚನೆಗೆ ಬಿಟ್ಟುಬಿಡುತ್ತವೆ. ಐದು ಹೊತ್ತಿನ ವುಝೂವಿನ ನೀರಿಗೆ ಸಾಬೂನು ಸೋಂಕಿರುವುದಿಲ್ಲ. ಅದನ್ನು ಅಂಗಳದ ಗಿಡಗಳಿಗೆ ತಿರುಗಿಸಲು ಒಂದು ಕಾಲುವೆ ಸಾಕು. ಛಾವಣಿಯ ನೀರನ್ನು ತೊಟ್ಟಿಗಿಳಿಸಿ, ಬೀದಿಯ ಕಡೆಗೊಂದು ನಲ್ಲಿ ಇಟ್ಟರೆ ಜಾತಿ-ಧರ್ಮ ಕೇಳದೆ ನೆರೆಹೊರೆಯವರೆಲ್ಲ ಕೊಡ ತುಂಬಿಸಿಕೊಳ್ಳಬಹುದು. ತೊಟ್ಟಿ ಎಲ್ಲಿರಬೇಕು, ನಲ್ಲಿ ಎಷ್ಟು ಎತ್ತರದಲ್ಲಿರಬೇಕು ಎಂದು ಸಮಿತಿಯವರು ತೀರ್ಮಾನಿಸುವ ಮೊದಲು, ಕೊಡ ಹೊರುವ ಮಹಿಳೆಯರನ್ನು ಕೇಳಲಿ.